ಏಳನೆಯ ಬಟ್ಟೆ

ವೆಲ್ಡನ್ ಅಣ್ಣನಿಗೆ,

ನಿನ್ನ ಕ್ಷೇಮ ನಾನು ವಿಚಾರಿಸುವುದಿಲ್ಲ. ಕಳೆದ ತಿಂಗಳು ಕಾರು ಪತ್ರಿಕೆಯಲ್ಲಿ ನಿನ್ನ ಚಿತ್ರ ನೋಡಿದೆ. ಲಾಸ್ ಏಂಜಲೀಸಿನ ನಿನ್ನ ವರ್ಕ್‌ಶಾಪಿನ ಮುಂದೆ ಕೈಕಟ್ಟಿ ನಿಂತಿದ್ದೀಯ, ಹೊಟ್ಟೆ ಬಂದಿದೆ, ಅಂಗಿಯ ಜೇಬಿನ ಮೇಲೆ ಹೆಸರು ಹೊಲಿಸಿಕೊಂಡಿದ್ದೀಯ. ಚೆನ್ನಾಗಿಯೇ ಇದ್ದೀಯ.

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ, ಬರೆದು ತಿಳಿಸುತ್ತೇನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಬರೆಯಲು ಆರು ದಿನ ಹಿಡಿಯಿತು. ನೀನು ಕೇಳಿದ್ದು ಇದು: "ಅಪ್ಪನ ರೋಡ್‌ಸ್ಟರ್ ಕಾರ್‌ಗೆ ಇಂಜಿನ್ ಕೂರಿಸಿದೀಯಂತೆ! ಯಾರ ಕೈಲಿ ಮಾಡಿಸ್ದೆ ಲವೋನ್? ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಮೇ ತಿಂಗಳಲ್ಲಿ ಎಲ್ ಮಿರಾಜ್ ಒಣಕೆರೆಯ ಕಾರು ಓಟದಲ್ಲಿ ಅಪ್ಪನ ನೆನಪಿಗೆ ನೀನೇ ಓಡಿಸುತ್ತೀಯಂತೆ. ಬಾಗಿಲ ಮೇಲೆ ಬಣ್ಣದಲ್ಲಿ 'ಕಟ್ಟಿದವರು: ಆರ್ವಲ್ ಮತ್ತು ವೆಲ್ಡನ್ ಟ್ಯಾಕೆಟ್' ಎಂದು ಅಪ್ಪನ ಹೆಸರೂ ನಿನ್ನ ಹೆಸರೂ ಬರೆಸಬೇಕಂತೆ. ಬರೆಯುವವನನ್ನೂ ಗೊತ್ತುಮಾಡಿದ್ದೀಯಂತೆ.

ಯಾರ ಕೈಯಲ್ಲೂ ಮಾಡಿಸಲಿಲ್ಲ ಅಣ್ಣ. ನಾನೇ ಮಾಡಿದೆ.

ನಂಬುವುದು ಕಷ್ಟ ಎಂದು ಗೊತ್ತು. ನಮ್ಮೂರು ಆಯಿಲ್‌ಡೇಲ್‌ನಲ್ಲಿ ಈಗಲೂ ನಾನು ಯಾರೆಂದು ಕೇಳಿದರೆ, ಇಂಜಿನ್ನಿನೊಳಗೆ ಬಟ್ಟೆ ಬಿಟ್ಟವಳು ಎನ್ನುತ್ತಾರೆ. ಸಿಲಿಂಡರ್ ಬೋರ್ ಮಾಡಿಸಲು ಹೋದಾಗ ಲೇತ್ ಮುಂದೆ ಕೂತಿದ್ದ ಮುದುಕ ಗಾರ್ಲಂಡ್ ಕನ್ನಡಕ ಮೇಲೆತ್ತಿ ನೋಡಿದ. "ನಿಮ್ಮಪ್ಪನ ಇಂಜಿನ್ ಹಾಳುಮಾಡಿದ ಹುಡ್ಗಿ ನೀನೇ ಅಲ್ವೇನಮ್ಮಾ? ಈ ಸಲ ಚಡ್ಡಿ ಗಿಡ್ಡಿ ಒಳಗೆ ಬಿಟ್ಟೀಯ, ನೋಡ್ಕೋ" ಎಂದು ನಕ್ಕ. ನನಗೆ ಐವತ್ತೆಂಟು ವರ್ಷ. ಗಂಡನನ್ನು ಮಣ್ಣು ಮಾಡಿದ್ದೇನೆ, ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಊರಿನ ಮಕ್ಕಳಿಗೆಲ್ಲ ಬೇಯಿಸಿ ಹಾಕಿದ್ದೇನೆ. ಆದರೂ ಆ ಬಟ್ಟೆ ನನ್ನನ್ನು ಬಿಟ್ಟಿಲ್ಲ.

ಎಪ್ಪತ್ತೊಂಬತ್ತರ ಆ ಬೇಸಿಗೆ ನಿನಗೆ ಎಷ್ಟು ನೆನಪಿದೆಯೋ ನನಗೆ ತಿಳಿಯದು. ನನಗೆ ಹದಿನಾಲ್ಕು, ನಿನಗೆ ಹತ್ತೊಂಬತ್ತು. ನಲವತ್ತೊಂಬತ್ತರ ಮರ್ಕ್ಯುರಿ ಕಾರಿನ ಆ ಫ್ಲಾಟ್‌ಹೆಡ್ ಇಂಜಿನ್ನನ್ನು ನೀವಿಬ್ಬರೂ ಚಳಿಗಾಲವಿಡೀ ಬಿಚ್ಚಿ ಕಟ್ಟಿದಿರಿ. ನನಗೆ ಕೊಟ್ಟಿದ್ದು ತೊಳೆಯುವ ಕೆಲಸ. ಆದರೂ ಕುಣಿದಾಡಿದ್ದೆ. ಒಂದೊಂದು ವಾಲ್ವನ್ನೂ ಮಗುವಿಗೆ ಮೀಯಿಸಿದಂತೆ ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಇಡುತ್ತಿದ್ದೆ. ಒರೆಸಲು ಅಮ್ಮ ಹಿಟ್ಟಿನ ಚೀಲ ಕತ್ತರಿಸಿ, ಅಂಚಿಗೆ ನೀಲಿ ದಾರ ಹಾಕಿ ಆರು ಬಟ್ಟೆ ಹೊಲಿದುಕೊಟ್ಟಿದ್ದಳು. ಇಂಜಿನ್ ಮುಚ್ಚುವ ಮೊದಲು ಒಳಗೆ ಹೋದ ಬಟ್ಟೆಯೆಲ್ಲ ಹೊರಗೆ ಬಂದಿದೆಯೇ ಎಂದು ಎಣಿಸಬೇಕು, ಅದು ಅಪ್ಪನ ಕಟ್ಟುನಿಟ್ಟು. ನಾನು ಎಣಿಸಿದೆ. ಆರೂ ಇದ್ದವು.

ಒಣಕೆರೆಯಲ್ಲಿ ನೀನು ಓಡಿಸಿದೆ. ಒಂದು ಮೈಲಿಯೂ ಹೋಗಿರಲಿಲ್ಲ, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಬಿದ್ದು ಇಂಜಿನ್ ಕಚ್ಚಿಕೊಂಡು ನಿಂತಿತು. ಮರುವಾರ ಅಪ್ಪ ಒಬ್ಬನೇ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಇಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ಆಯಿಲ್ ಪ್ಯಾನ್ ಬಿಚ್ಚಿದ. ಸಂಜೆ ಊಟಕ್ಕೆ ಬಂದು ಕೂತ. ಬೀನ್ಸೂ ಜೋಳದ ರೊಟ್ಟಿಯೂ ಇತ್ತು. ತಟ್ಟೆ ನೋಡುತ್ತಲೇ ಹೇಳಿದ, "ಎಣ್ಣೆ ಪಂಪಿನ ಬಾಯಿಗೆ ಬಟ್ಟೆ ಸಿಕ್ಕಾಕ್ಕೊಂಡಿತ್ತು. ತೊಳೆಯೋರು ಬಿಟ್ಟಿದ್ದು." ನಾನು ಎದ್ದು ಓಡಿ ನನ್ನ ಆರು ಬಟ್ಟೆ ತಂದು ಮೇಜಿನ ಮೇಲೆ ಹಾಕಿದೆ. "ನನ್ನವೆಲ್ಲ ಇಲ್ಲೇ ಇದಾವಪ್ಪಾ" ಎಂದೆ. "ಎಣಿಸೋಕೂ ಬರಲ್ವೇನೇ ನಿಂಗೆ? ಇನ್ನು ಗ್ಯಾರೇಜ್ ಕಡೆ ತಲೆ ಹಾಕ್ಬೇಡ. ಹೋಗು, ಅಮ್ಮಂಗೆ ಪಾತ್ರೆ ತೊಳ್ಕೊಡು" ಎಂದ. ಆಗ ನೀನು, ನನ್ನ ಅಣ್ಣ, ರೊಟ್ಟಿಗೆ ಬೆಣ್ಣೆ ಸವರುತ್ತಾ ಒಂದು ಮಾತು ಹೇಳಿದೆ.

"ಹೋಗ್ಲಿ ಬಿಡಪ್ಪ, ಚಿಕ್ಕವಳು. ನಾನಂತೂ ಮನಸ್ಸಲ್ಲಿ ಇಟ್ಕೊಳ್ಳಲ್ಲ."

ಆ ಮಾತಿಗೆ ನಾನು ನಿನ್ನನ್ನು ಎಷ್ಟು ವರ್ಷ ಪ್ರೀತಿಸಿದೆ ಗೊತ್ತೇ?

ಅಪ್ಪ ಪ್ಯಾನ್ ಮುಚ್ಚಿ, ಇಂಜಿನ್ನಿನ ಮೇಲೆ ಟಾರ್ಪಾಲು ಹೊದಿಸಿ, ಯಾರೂ ಮುಟ್ಟಕೂಡದು ಎಂದ. ಆ ಶರತ್ಕಾಲಕ್ಕೆ ಅಪ್ಪನ ಶಿಫಾರಸಿನ ಮೇಲೆ ರೇಸಿನ ತಂಡವೊಂದರಲ್ಲಿ ನಿನಗೆ ಇಂಜಿನ್ ಕೆಲಸ ಸಿಕ್ಕಿತು. ನನಗೆ ಪಾತ್ರೆ ಸಿಕ್ಕಿತು.

ಹೋದ ವರ್ಷ ಆಸ್ಪತ್ರೆಯಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡ. ಮಾತು ಒಡೆದೊಡೆದು ಬರುತ್ತಿತ್ತು. "ಆ ಇಂಜಿನ್ ನೀನೇ ಬಿಚ್ಬೇಕು ಕಣೇ. ವೆಲ್ಡನ್ ಕೈಗೆ ಕೊಡ್ಬೇಡ" ಎಂದ. ಅಂತೂ ಅಪ್ಪ ನನ್ನನ್ನು ಕ್ಷಮಿಸಿದ ಎಂದುಕೊಂಡು ಅತ್ತೆ. ಥ್ಯಾಂಕ್ಸ್ ಅಪ್ಪಾ ಎಂದೂ ಹೇಳಿದೆ. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ. ಹೇಳಿದ ಆ ಥ್ಯಾಂಕ್ಸ್ ಅನ್ನು ವಾಪಸು ತೆಗೆದುಕೊಳ್ಳುವ ದಾರಿ ಇದ್ದಿದ್ದರೆ ನಾನು ಇವತ್ತೇ ಸ್ಮಶಾನಕ್ಕೆ ಹೋಗಿಬರುತ್ತಿದ್ದೆ.

ಗಂಡ ಸತ್ತ ಮೇಲೆ ಎರಡು ವರ್ಷ ಸಂಜೆಯ ತರಗತಿಗೆ ಹೋಗಿ ಇಂಜಿನ್ ಕೆಲಸ ಕಲಿತಿದ್ದೆ. ಯಾರಿಗೂ ಹೇಳಿರಲಿಲ್ಲ. ಅಪ್ಪನನ್ನು ಮಣ್ಣು ಮಾಡಿ ಎಲ್ಲ ಮುಗಿದ ಮೇಲೆ ಟಾರ್ಪಾಲು ತೆಗೆದು, ಇಂಜಿನ್ನನ್ನು ಸರಪಳಿಯಲ್ಲಿ ತೂಗುಹಾಕಿ, ಕೆಳಗಿನಿಂದ ಪ್ಯಾನ್ ಬಿಚ್ಚಿದೆ. ಪ್ಯಾನಿನ ತಳದಲ್ಲಿ ಬಟ್ಟೆ ಇತ್ತು. ಪಂಪಿಗೆ ಸಿಕ್ಕಿಕೊಂಡಿರಲಿಲ್ಲ. ಅಪ್ಪ ತನ್ನ ಕರ್ಚೀಫು ಮಡಿಸುತ್ತಿದ್ದ ಹಾಗೆಯೇ ನಾಲ್ಕು ಮಡಿಕೆ ಮಾಡಿ, ನಡುಮಧ್ಯೆ ಇಟ್ಟಿದ್ದ. ಎಣ್ಣೆ ಒಣಗಿ ಹಪ್ಪಳದಂತಾಗಿತ್ತು. ಮೇಲ್ಮಡಿಕೆಯನ್ನು ಹೆಬ್ಬೆರಳಿನಿಂದ ಉಜ್ಜಿದೆ. ಜೇಬು. ಅದರ ಮೇಲೆ ಕೆಂಪು ದಾರದ ಅಕ್ಷರ, ನಿನ್ನ ಹೆಸರು. ನೀನು ಆಗ ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕೆ ಹಾಕಿಕೊಂಡು ಹೋಗುತ್ತಿದ್ದ ಅಂಗಿ.

ಹೇಗಾಯಿತೆಂದು ನಿನ್ನಂಥ ಮೇಸ್ತ್ರಿಗೆ ನಾನು ಹೇಳಿಕೊಡಬೇಕಿಲ್ಲ. ಮೇಲೆ ತೆರೆದಿದ್ದಾಗ ನಟ್ಟು ಒಳಗೆ ಬೀಳದಿರಲಿ ಎಂದು ಹಳೆಯ ಅಂಗಿಯ ತುಂಡು ತುರುಕಿದ್ದೀಯ. ಯಾವಳೋ ಫೋನ್ ಮಾಡಿರುತ್ತಾಳೆ, ಹೋಗಿದ್ದೀಯ. ಬಂದು ಮುಚ್ಚಿದ್ದೀಯ. ಯಾರಿಗಾದರೂ ಆಗುವ ತಪ್ಪೇ. ಆದರೆ ಬಟ್ಟೆ ಬಿಟ್ಟವನಿಗೆ ರೇಸಿನ ತಂಡ ಕೆಲಸ ಕೊಡುವುದಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಮ್ಮ ಮನೆಯಲ್ಲಿ ಒರೆಸಿದವನು ಕೋತಿಯ ಅಪ್ಪ. ಹೆಸರು ಓದಿದ, ನಿನ್ನನ್ನು ಆರಿಸಿಕೊಂಡ, ಊಟಕ್ಕೆ ಬಂದ. ಬಿಸಾಡಲೂ ಧೈರ್ಯವಿಲ್ಲ, ಬಾಯಿಬಿಡಲೂ ಇಲ್ಲ. ತಾನು ಸತ್ತ ಮೇಲೆ ಮಗಳೇ ಓದಿಕೊಳ್ಳಲಿ ಎಂದು ಮಡಿಸಿಟ್ಟುಹೋದ. ಹೇಡಿ.

ಎರಡು ತಿಂಗಳು ಗ್ಯಾರೇಜಿಗೆ ಕಾಲಿಡಲಿಲ್ಲ. ಆಮೇಲೆ ಸಿಟ್ಟಿನಲ್ಲೇ ಶುರುಮಾಡಿದೆ. ಸಿಟ್ಟಿನಲ್ಲಿ ಕೆಲಸ ಬಹಳ ಚೆನ್ನಾಗಿ ಸಾಗುತ್ತದೆ. ನೀರು ಹರಿಯುವ ದಾರಿಗಳಲ್ಲಿ ಇಂಜಿನ್ ಎರಕ ಹೊಯ್ದ ದಿನದ ಮರಳು ಇನ್ನೂ ಕೂತಿತ್ತು. ಸೈಕಲ್ ಕಡ್ಡಿ ಬಗ್ಗಿಸಿ ಕೆರೆದೆ, ಒಂದು ಕಾಫಿ ಡಬ್ಬಿ ತುಂಬಿತು. ಇಂಜಿನ್ ಯಾಕೆ ಇಷ್ಟು ಬಿಸಿಯಾಗುತ್ತದೆ ಎಂದು ನೀವಿಬ್ಬರು ಮೇಧಾವಿಗಳು ತಲೆ ಕೆರೆದುಕೊಂಡಿದ್ದಿರಲ್ಲ, ಅದಕ್ಕೆ ಕಾರಣ ಈ ಮರಳು. ತಿರುಗುವ ದಂಡ ಕ್ರ್ಯಾಂಕನ್ನು ಗಾರ್ಲಂಡ್ ಸಾಣೆ ಹಿಡಿದುಕೊಟ್ಟ, ಬೇರಿಂಗುಗಳನ್ನು ನಾನೇ ಕೂರಿಸಿದೆ. ಇಂಜಿನ್ನನ್ನು ಕಾರಿಗೆ ಇಳಿಸುವ ದಿನ ಪಕ್ಕದ ಮನೆಯ ಕನ್ಸುವೆಲೊ ಸರಪಳಿ ಹಿಡಿದಳು. ಕೊನೆಯ ಒಂದು ಇಂಚು ಗೇರ್‌ಬಾಕ್ಸಿಗೆ ಸೇರಲೊಲ್ಲದು. "ಒದ್ದು ನೋಡೇ" ಎಂದಳು. ಕ್ರ್ಯಾಂಕನ್ನು ಕೈಯಿಂದ ಚೂರು ತಿರುಗಿಸಿದೆ, ಹಲ್ಲಿಗೆ ಹಲ್ಲು ಕೂತು ಇಂಜಿನ್ ಒಳಗೆ ಜಾರಿತು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ಬಿಯರ್ ಕುಡಿದೆವು. ನನ್ನ ಬದುಕಿನ ಒಳ್ಳೆಯ ಮಧ್ಯಾಹ್ನ ಅದು, ನಲವತ್ತನಾಲ್ಕು ವರ್ಷ ತಡವಾಗಿ ಬಂತು.

ಬಾಗಿಲ ಮೇಲೆ ಏನನ್ನೂ ಬರೆಸುವುದಿಲ್ಲ. ಮೇ ತಿಂಗಳಲ್ಲಿ ಓಡಿಸುವವಳು ನಾನು. ನಿನ್ನ ಬಟ್ಟೆಯನ್ನು ಕಳಿಸುವುದಿಲ್ಲ, ಸುಡುವುದೂ ಇಲ್ಲ. ಬಿಸಿನೀರಲ್ಲಿ ಒಗೆದೆ, ಅಕ್ಷರ ಚೆನ್ನಾಗಿ ಕಾಣುತ್ತದೆ. ಎಣ್ಣೆಯ ಮಟ್ಟ ನೋಡುವ ಕಡ್ಡಿ ಒರೆಸಲು ಇಟ್ಟುಕೊಂಡಿದ್ದೇನೆ. ಇಂಜಿನ್ ಮುಚ್ಚುವ ಮೊದಲು ಎಣಿಸಿದೆ. ಅಮ್ಮನ ಆರು, ನಿನ್ನದೊಂದು.

ಅಂದು ಊಟದ ಮೇಜಿನಲ್ಲೇ ನಿನಗೆ ಗೊತ್ತಿತ್ತೇ, ಆಮೇಲೆ ಗೊತ್ತಾಯಿತೇ ಎಂದು ನಾನು ಕೇಳುವುದಿಲ್ಲ. ಯಾವ ಉತ್ತರ ಕೊಟ್ಟರೂ ನಂಬಲಾರೆ. ಆದರೆ ಓಟಕ್ಕೆ ನೀನು ಬರಬೇಕು. ಸರದಿಯಲ್ಲಿ ಕಾಯುವಾಗ ಜನ ಬಂದು ಬಗ್ಗಿ ನೋಡುತ್ತಾರೆ, ಗಾರ್ಲಂಡೂ ಇರುತ್ತಾನೆ. ಅಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ನಿನಗೆ ಗೊತ್ತು: "ಇಂಜಿನ್ ಕಟ್ಟಿದ್ದು ಯಾರು?" ಆಗ ನಾನು ಹೆಲ್ಮೆಟ್ ಹಾಕಿಕೊಂಡು ಬಾಯಿ ಮುಚ್ಚಿಕೊಂಡಿರುತ್ತೇನೆ. ಉತ್ತರ ನೀನು ಹೇಳು. ಹಳೆಯದನ್ನು ಕೆಡಿಸಿದವರು ಯಾರೆಂಬುದನ್ನೂ ಹೇಳು. ಅಷ್ಟು ಹೇಳಲಾಗದಿದ್ದರೆ ಬರಲೇಬೇಡ.

ನಿನ್ನ ಆಯುಸ್ಸು ಗಟ್ಟಿಯಾಗಿರಲಿ ಅಣ್ಣ, ಅದಕ್ಕಿಂತ ನಿನ್ನ ನೆನಪು ಗಟ್ಟಿಯಾಗಿರಲಿ.

ಎಣಿಸಲು ಬರುವ ನಿನ್ನ ತಂಗಿ,
ಲವೋನ್