ಚೆನ್ನಾಗಿದೆ ಅಂದದ್ದು

ಭಾನುವಾರ,
ಅಂಗಡಿಯ ಬಾಗಿಲು ಹಾಕಿಕೊಂಡು

ನನ್ನ ಗುಬ್ಬಿಗೆ,

ಫೋನಿರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅದನ್ನೇ ನೆಪ ಮಾಡಿಕೊಂಡು ಜಾರಿಕೊಳ್ಳುತ್ತೇನೆ. ಹೋದ ವಾರವೂ ಜಾರಿಕೊಂಡೆ. ಕಾಗದವಾದರೆ ಕೊನೆಯವರೆಗೂ ಕೇಳದೆ ನಿನಗೆ ವಿಧಿಯಿಲ್ಲ.

ಶುಕ್ರವಾರ ದರ್ಜಿಗಳ ಸಂಘದವರನ್ನು ನಮ್ಮ ಅಂಗಡಿಗೆ ಕರೆತರುತ್ತೇನೆ ಎಂದಿದ್ದೀಯ. ಅವರೆದುರು ನಾನು ಕಂಪ್ಯೂಟರಿನಲ್ಲಿ ಗಿರಾಕಿಯ ಅಳತೆ ಬರೆದು, ಚೀಟಿ ಪ್ರಿಂಟ್ ತೆಗೆದು, ಬಟ್ಟೆಗೆ ಚುಚ್ಚಿ ತೋರಿಸಬೇಕು. ಹೊಲಿಗೆ ಬಿಟ್ಟರೆ ಏನೂ ಗೊತ್ತಿಲ್ಲದ ಅಮ್ಮನಿಗೇ ಬಂದಮೇಲೆ ನಿಮಗೆ ಬಾರದೇ ಎಂದು ನೀನು ಕೇಳಬೇಕು. ಅವರು ಒಪ್ಪಿದರೆ ಊರಿನ ದರ್ಜಿ ಅಂಗಡಿಗಳಿಗೆಲ್ಲ ನಿನ್ನ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಬರುತ್ತದೆ. ಬಿಟ್ಟಿ ಎಂದರೆ ನಿನಗೆ ಸಿಟ್ಟು, ‘ಮುಕ್ತ’ ಎನ್ನಬೇಕು, ಗೊತ್ತು. ಸಂಬಳದ ಕೆಲಸ ಬಿಟ್ಟು ನೀನು ಮನೆಮನೆ ಸುತ್ತಿದ್ದು ಆಗ ಸಾರ್ಥಕ.

ಗುಬ್ಬಿ, ನನಗೆ ಅದು ಬರುವುದಿಲ್ಲ.

ಬರೆದುಬಿಟ್ಟೆ ನೋಡು. ಪೂರ್ತಿ ಬರುವುದಿಲ್ಲ ಅಂತಲ್ಲ. ಗುಜರಿಗೆ ಹಾಕಬೇಕಿದ್ದ ಕಂಪ್ಯೂಟರಿಗೆ ನೀನು ಜೀವ ಕೊಟ್ಟೆ, ಅದು ಸುಳ್ಳಲ್ಲ. ಅಳತೆ ಬರೆದಿಡುತ್ತೇನೆ, ತಡವರಿಸಿಯಾದರೂ ಹುಡುಕಿಕೊಳ್ಳುತ್ತೇನೆ. ಆದರೆ ಪ್ರಿಂಟರ್ ಅದರ ಜೊತೆ ಮಾತು ಬಿಟ್ಟಿದೆ. ನೀನು ಕೂತಿದ್ದ ದಿನ ಚೀಟಿಗಳು ಸಲೀಸಾಗಿ ಬಂದವು. ಮಾರನೆಯ ದಿನದಿಂದ ಒಂದೂ ಬರಲಿಲ್ಲ. ಅಂದಿನಿಂದ ಪರದೆ ನೋಡಿಕೊಂಡು ಕೈಯಲ್ಲೇ ಬರೆದು ಚುಚ್ಚುತ್ತಿದ್ದೇನೆ.

ನಿನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ ಎಂದರೆ, ಮೊದಲ ದಿನ ಬಂದ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ನೀನು ಬರುತ್ತೀಯ ಎಂದರೆ ರಾಶಿಯ ಮೇಲಿರುವ ಬಟ್ಟೆಗಳಿಗೆಲ್ಲ ಅವನ್ನೇ ಚುಚ್ಚುತ್ತೇನೆ. ಹೋದ ಸಲ ನೀನು ಹೊರಟ ಮೇಲೆ ಒಂದನ್ನು ಬದಲಾಯಿಸಲು ಮರೆತು, ಮೇಷ್ಟರ ಪ್ಯಾಂಟನ್ನು ಇನ್ಯಾರದೋ ಅಳತೆಗೆ ಕತ್ತರಿಸಿದೆ. ಪಾಪ, ಕನ್ನಡಿಯ ಮುಂದೆ ನಿಂತರೆ ಕಣಕಾಲೆರಡೂ ಹೊರಗೆ. ಈಗಿನ ಹುಡುಗರ ಫ್ಯಾಷನ್ನೇ ಎಂದು ಅವರೇ ಕೇಳಿದರು. ನಾನು ನಗಬೇಕಿತ್ತು, ಅಳು ಬಂತು.

ಎದುರಿನ ಗುಂಡಿ ಅಂಗಡಿಯಾಕೆ ನನ್ನ ಮಾತು ನಂಬಿ ನಿನ್ನಿಂದ ಇದನ್ನೇ ಹಾಕಿಸಿಕೊಂಡಳಲ್ಲ, ತಿಂಗಳೊಳಗೆ ಹಳೆಯದನ್ನೇ ವಾಪಸ್ ಹಾಕಿಸಿದ್ದಾಳೆ. ಮಗು ಎಷ್ಟು ಆಸೆಯಿಂದ ಮಾಡಿಕೊಟ್ಟಿದೆ, ಹೇಳಬೇಡಿ ಎಂದು ನನ್ನ ಕೈ ಹಿಡಿದಳು. ನೀನು ಬೀದಿಗೆ ಕಾಲಿಟ್ಟರೆ ಅವಳ ಕಂಪ್ಯೂಟರಿನ ಮೇಲೆ ಬಟ್ಟೆ ಬೀಳುತ್ತದೆ. ಎಲ್ಲರೂ ಸೇರಿ ನಿನಗೆ ಪ್ರೀತಿಯಿಂದಲೇ ಮೋಸ ಮಾಡಿದ್ದೇವೆ, ಮುಂದೆ ನಿಂತವಳು ನಾನು.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಅವತ್ತು ಮೊದಲ ಚೀಟಿ ಹೊರಗೆ ಬಂದಾಗ ನೀನು ನನ್ನ ಕುತ್ತಿಗೆಗೆ ಜೋತುಬಿದ್ದು, “ನಿನ್ ಕೈಲಿ ಆದ್ರೆ ಯಾರ್ ಕೈಲಾದ್ರೂ ಆಗುತ್ತಮ್ಮ” ಅಂದೆ. ಅಪ್ಪ ಹೋದಮೇಲೆ ನಿನ್ನ ಮುಖದಲ್ಲಿ ಅಂಥ ಕಳೆ ಕಂಡಿದ್ದು ಅದೇ ಮೊದಲು. ಅದನ್ನು ಆರಿಸಲು ನನಗೆ ಮನಸ್ಸು ಬರಲಿಲ್ಲ.

ಅವತ್ತೇ ನೀನು ಇನ್ನೊಂದು ಮಾತೂ ಹೇಳಿದ್ದೆ. ಇದಕ್ಕೆ ಒಬ್ಬ ಯಜಮಾನ ಅಂತಿಲ್ಲ, ಎಲ್ಲೆಲ್ಲಿಯವರೋ ಸೇರಿ ಕಟ್ಟಿದ್ದು, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದು. ಎಲ್ಲಿ ತೊಂದರೆ ಎಂದು ಬಾಯಿಬಿಟ್ಟು ಹೇಳಿದರೆ ಸಾಕು. ಅಂಥದ್ದಕ್ಕೆ ನಾನು ಬರೀ ಹೊಗಳಿಕೆ ಕೊಟ್ಟೆ. ನನ್ನ ಗಿರಾಕಿಗಳು ಟ್ರಯಲಿಗೆ ಬಂದು ಸಂಕೋಚಕ್ಕೆ ಚೆನ್ನಾಗಿದೆ ಎಂದರೆ ಬಿಡುತ್ತೇನೆಯೇ? ಕೈ ಎತ್ತಿಸಿ, ಸ್ಟೂಲಿನ ಮೇಲೆ ಕೂರಿಸಿ, ಎಲ್ಲಿ ಹಿಡಿಯುತ್ತದೆ ಹೇಳಿ ಎಂದು ಗದರುತ್ತೇನೆ. ಹೇಳದೆ ಹೋದವರು ಆ ಅಂಗಿಯನ್ನು ಮತ್ತೆ ತೊಡುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ನಿನಗೆ ಅದನ್ನೇ ಮಾಡಿದೆ.

ಹೋದ ವಾರ ಫೋನಿನಲ್ಲಿ ನಿನ್ನ ದನಿ ಒಡೆದಿತ್ತು. “ಎಲ್ಲಿ ತಪ್ತಿದೀನಿ ಅಂತಾನೇ ಗೊತ್ತಾಗ್ತಿಲ್ಲಮ್ಮ. ಎದುರಿಗೆ ಚೆನ್ನಾಗಿದೆ ಅಂತಾರೆ, ಹಿಂದಿಂದ ತೆಗೆಸಿಬಿಡ್ತಾರೆ” ಅಂದೆ. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಾನು, ಊಟ ಆಯ್ತಾ ಎಂದು ಕೇಳಿದೆ. ಆಗಿನಿಂದ ಕತ್ತರಿ ಹಿಡಿದರೂ ಕೈ ಓಡುತ್ತಿಲ್ಲ.

ಶುಕ್ರವಾರದ್ದನ್ನು ಮುಂದಕ್ಕೆ ಹಾಕು ಕಂದ. ಅದಕ್ಕೆ ಮೊದಲು ಒಬ್ಬಳೇ ಬಾ. ನನ್ನ ಕುರ್ಚಿಯಲ್ಲಿ ಕೂರಬೇಡ, ಗಿರಾಕಿಯ ಸ್ಟೂಲಿನ ಮೇಲೆ ಕೈಕಟ್ಟಿಕೊಂಡು ಕೂತು, ನಾನು ಎಲ್ಲೆಲ್ಲಿ ತಡವರಿಸುತ್ತೇನೆ ಎಂದು ನೋಡು. ಬೈಯಬೇಕು ಅನ್ನಿಸಿದರೆ ಬೈ. ನನ್ನಿಂದ ನಿನ್ನ ಎಷ್ಟು ದಿನ ಹಾಳಾಯಿತೋ, ಅದನ್ನು ಹೊಲಿದು ಕೊಡಲು ನನ್ನಿಂದಾಗದು.

ನಿನ್ನ
ಅಮ್ಮ

ಮರೆತಿದ್ದೆ: ಇದನ್ನು ಬೆಳಿಗ್ಗೆಯಿಂದ ಕೂತು, ನೀನು ಹಾಕಿಕೊಟ್ಟಿರುವುದರಲ್ಲೇ ಟೈಪ್ ಮಾಡಿದೆ, ಒಂದೊಂದೇ ಅಕ್ಷರ ಹುಡುಕಿಕೊಂಡು. ನಿನಗೆ ಖುಷಿಯಾಗಲಿ ಎಂದು. ಪ್ರಿಂಟ್ ಬರಲಿಲ್ಲ. ಪರದೆ ನೋಡಿಕೊಂಡು ಕೈಯಲ್ಲೇ ಬರೆದಿದ್ದೇನೆ.