ಒಂಬತ್ತನೇ ಆವೃತ್ತಿ

ಜೂನ್ 3, ಸೋಮವಾರ. ಬೆಳಿಗ್ಗೆ 11

ಮೂರನೆಯ ಟ್ಯಾಬನ್ನೂ ಬೀಳಿಸಿದೆ. ಮೇಜಿನ ಎತ್ತರದಿಂದ, ಗಾರೆ ನೆಲಕ್ಕೆ, ಮೂತಿ ಅಡಿಯಾಗಿ. ಗಾಜಿಗೆ ಒಂದು ಗೀರೂ ಇಲ್ಲ. ಭಲೆ! ಮೊದಲೆರಡು ಯಂತ್ರಗಳು ರಣರಂಗದಲ್ಲೇ ಮಡಿದಿದ್ದವು. ಇದನ್ನು ಸ್ಪಿರಿಟ್ ಹತ್ತಿಯಿಂದ ಇಪ್ಪತ್ತು ಸಲ ಒರೆಸಿದೆ. ಗ್ಲೌಸ್ ಹಾಕಿ ಬೆರಳಾಡಿಸಿದೆ. ಏಪ್ರನ್ ಜೇಬಿಗಿಟ್ಟು, ರೋಗಿಯ ಚಾದರ ಬದಲಿಸುವವನಂತೆ ಬಗ್ಗಿದೆ — ಜಾರಲಿಲ್ಲ. ಆಯಿತು, ಇದೇ. ನರ್ಸಿಂಗ್ ಎರಡನೇ ವರ್ಷದ ಅರವತ್ತನಾಲ್ಕು ಹುಡುಗಿಯರಿಗೆ ಅರವತ್ತನಾಲ್ಕು.

ಇನ್ನು ಅದರೊಳಗಿನ ಪ್ರಾಣ. ಔಷಧಿಯ ವಿವರ ನೋಡುವ ಆ್ಯಪ್. ಎರಡು ಉಳಿದಿವೆ, ಒಂದು ಕೆಂಪು ಗುರುತಿನದು, ಒಂದು ನೀಲಿ. ಸಮಿತಿಯಲ್ಲಿ ಮೂವರು: ಪ್ರಿನ್ಸಿಪಾಲ್ ಮೇಡಂ, ಮಕ್ಕಳ ವಾರ್ಡಿನ ಸಿಸ್ಟರ್, ಔಷಧಿಗಳ ಪಾಠ ಮಾಡುವ ನಾನು.

ಮೇಡಂ ಹೇಳಿದರು: "ನಿಮ್ಮ ಮಾತೇ ಕೊನೆ, ಸಾರ್. ಆದ್ರೆ ಸ್ವಲ್ಪ ಮೆಲ್ಲಗೆ ಹೇಳಿ. ಪಕ್ಕದ ರೂಮಲ್ಲಿ ಪರೀಕ್ಷೆ ನಡೀತಿದೆ."

ಏನು ಮಾಡಲಿ. ಅಪ್ಪನ ನಾಟಕ ಕಂಪನಿಯಲ್ಲಿ, ಮೈಕಿಲ್ಲದ ಕಾಲದಲ್ಲಿ ಬೆಳೆದ ಗಂಟಲು. ಪಿಸುಗುಟ್ಟಿದರೂ ಹಿಂದಿನ ಬೆಂಚಿಗೆ ಕೇಳುತ್ತದೆ.

ಸಂಜೆ 6

ಮನೆಗೆ ಬಂದಾಗ ಅಕ್ಕ ಮೂರು ದಿಂಬಿಗೆ ಒರಗಿ ಕೂತಿದ್ದಳು. ಕಳೆದ ತಿಂಗಳು ಎರಡೇ ದಿಂಬಿತ್ತು. ಕಾಲಿನ ಬಾವು ಹಾಗೇ ಇದೆ. ಹೃದಯ ದಣಿದಿದೆ ಎಂದಿದ್ದಾರೆ ಡಾಕ್ಟರು. ಅದನ್ನು ಅವರಿಗಿಂತ ಮೊದಲು ಹೇಳಿದವಳು ಅಕ್ಕನೇ — ಮೂವತ್ತೆಂಟು ವರ್ಷ ವಾರ್ಡ್ ನೋಡಿದವಳು.

"ಏನೋ ಮಹಾರಾಜ, ದಿಗ್ವಿಜಯ ಆಯ್ತಾ?"

"ಅರ್ಧ ಆಯ್ತು. ಅಕ್ಕ, ಕೇಳು... ಕೆಂಪು ಆ್ಯಪ್ ಇದೆಯಲ್ಲ, ಅದರಲ್ಲಿ ನಮ್ಮದೇ ಪುಟ ಸೇರಿಸ್ಬಹುದಂತೆ! ನಿನ್ನ ಹಸಿರು ಪುಸ್ತಕ, ಇಡೀ ಪುಸ್ತಕ, ಆ ಯಂತ್ರದೊಳಗೆ!"

ಹಸಿರು ಪುಸ್ತಕ. ಅಂಗೈಯಗಲ, ನೂರಾ ಹನ್ನೆರಡು ಪುಟ. ಯಾವ ಮದ್ದು, ಎಷ್ಟು, ಯಾರಿಗೆ ಕೂಡದು. ಅಕ್ಕ ಬರೆದದ್ದು, ಎಂಟು ಸಲ ತಿದ್ದಿದ್ದು. ನಮ್ಮ ಶಾಲೆಯಲ್ಲಿ ಓದಿದ ಪ್ರತಿಯೊಬ್ಬ ನರ್ಸಿನ ಜೇಬಲ್ಲೂ ಇದ್ದದ್ದು. ಒಂಬತ್ತನೇ ಆವೃತ್ತಿಗೆ ಎರಡು ವರ್ಷದಿಂದ ಪೆನ್ಸಿಲ್ ಗುರುತು ಹಾಕುತ್ತಿದ್ದಾಳೆ.

ದಿಂಬಿನ ಪಕ್ಕದ ಪುಸ್ತಕದ ಮೇಲೆ ಅಂಗೈ ಇಟ್ಟಳು. ಆಮೇಲೆ, "ನಾನಿಲ್ದಿದ್ರೂ ಅದು ಅವರ ಜೇಬಲ್ಲಿ ಇರುತ್ತೆ ಅನ್ನು."

"ಇರುತ್ತೆ!" ಎದೆ ತಟ್ಟಿ ಹೇಳಿದೆ. ಮಾತು ಕೊಟ್ಟೆ.

ಜೂನ್ 6

ಪೆನ್ಸಿಲ್ ಗುರುತು ಬಿದ್ದ ಪುಟಗಳನ್ನಷ್ಟೇ ಅಕ್ಕ ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ; ಉಳಿದದ್ದು ಅಚ್ಚಾದ ಹಾಗೇ ಹೋಗುತ್ತದೆ. ಮೂರು ಮಾತಿಗೊಮ್ಮೆ ಉಸಿರು. ಹನ್ನೆರಡು ಪುಟ ಆಯಿತು.

"ಅಷ್ಟು ಜೋರಾಗಿ ಕುಟ್ಟಬೇಡ್ವೋ. ಕೀಬೋರ್ಡು, ಮೃದಂಗ ಅಲ್ಲ."

ಎಷ್ಟು ದಿನವಾಗಿತ್ತು ಅವಳು ಹೀಗೆ ಬೈದು.

ಜೂನ್ 11, ಮಂಗಳವಾರ

ವಾರ್ಡಿನಲ್ಲಿ ಪರೀಕ್ಷೆ. ಎರಡನೇ ವರ್ಷದ ಗುಬ್ಬಿಯ ಕೈಗೆ ಎರಡೂ ಆ್ಯಪ್ ಹಾಕಿದ ಯಂತ್ರ ಕೊಟ್ಟೆ. (ಎಲ್ಲರೂ ಅವಳನ್ನು ಗುಬ್ಬಿ ಅನ್ನುತ್ತಾರೆ. ದನಿ ಅಷ್ಟು ಸಣ್ಣದು. ತಲೆ ಮಾತ್ರ ಚೂರಿ.) ಮೇಲಿನ ಮಹಡಿಗಳಲ್ಲಿ ಕೆಂಪು ಆ್ಯಪ್ ಗೆದ್ದಿತು. ಅಕ್ಕನ ಹನ್ನೆರಡು ಪುಟ ಅಂದವಾಗಿ ತೆರೆದುಕೊಂಡವು. ಸಿಸ್ಟರ್ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ.

ಆಮೇಲೆ ನೆಲಮಾಳಿಗೆಗೆ ಇಳಿದೆವು. ಗಂಡಸರ ಹಳೇ ವಾರ್ಡು, ದಪ್ಪ ಗೋಡೆ. ಕೆಂಪು ಆ್ಯಪ್ ಇಂಟರ್ನೆಟ್ ಇಲ್ಲದೆ ಉಸಿರಾಡುವುದಿಲ್ಲ. ಪರದೆಯ ಮೇಲೆ ಒಂದು ಚಕ್ರ. ತಿರುಗಿತು. ತಿರುಗಿತು...

"ಸಾರ್, ತಿರುಗ್ತಾನೇ ಇದೆ."

"ತಾಳಮ್ಮಾ ತಾಳು!"

"ನಾನು ತಾಳ್ತೀನಿ ಸಾರ್. ಇವರು ತಾಳ್ತಾರಾ?"

ಮಂಚದ ಮೇಲಿದ್ದ ಮುದುಕರು ಕಣ್ಣು ತೆರೆದು, "ನನ್ನ ಕೇಳ್ಬೇಡಿ. ನಾನು ಬೆಳಿಗ್ಗೆಯಿಂದ ತಾಳ್ತಾನೇ ಇದೀನಿ" ಎಂದರು.

ನಾಲ್ಕು ನಿಮಿಷ. ನೀಲಿ ಆ್ಯಪ್ ಎಲ್ಲವನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ. ತಿಂಗಳಿಗೊಮ್ಮೆ ತಾನೇ ಹೊಸದಾಗುತ್ತದೆ.

ಆ ಕಂಪನಿಯವನಿಗೆ ಫೋನ್ ಮಾಡಿದೆ. "ನಮ್ಮದೊಂದಷ್ಟು ಪುಟ ಸೇರಿಸೋಕೆ..."

"ಇಲ್ಲ ಸಾರ್. ಅಲ್ಪವಿರಾಮ ಕೂಡ ಸೇರಿಸೋಕಾಗಲ್ಲ."

ಜೂನ್ 12

ತೀರ್ಮಾನಕ್ಕೆ ಒಂದು ವಾರ ಕೇಳಿದೆ. ಏಕೆಂದು ಮೇಡಂ ಕೇಳಲಿಲ್ಲ. ಅವರೂ ಹಸಿರು ಪುಸ್ತಕ ಹಿಡಿದೇ ಓದಿದವರು.

ಅಕ್ಕ ನಲವತ್ತೊಂದನೇ ಪುಟ ಹೇಳಿದಳು. ಟೈಪ್ ಮಾಡಿದೆ. ಒಂದೊಂದು ಅಕ್ಷರವೂ ಸುಳ್ಳು. ಆದರೂ ಮಾಡಿದೆ.

ಜೂನ್ 19

ನೀಲಿ. ನಾನೇ ಮೊದಲು ಕೈ ಎತ್ತಿದೆ. ಆ ಮುದುಕರ ಮುಖ ಕಣ್ಣ ಮುಂದಿತ್ತು, ಬೇರೆ ದಾರಿ ಇರಲಿಲ್ಲ.

ಮನೆಗೆ ಬಂದರೆ ಅಕ್ಕ: "ನಾಳೆ ಆ ಯಂತ್ರ ತಗೊಂಡ್ಬಾ. ನನ್ನ ಪುಟ ಅದರಲ್ಲಿ ಹೇಗಿದೆ ಅಂತ ಒಂದ್ಸಲ ಕೇಳಿಸಿಕೊಳ್ತೀನಿ. ಕಣ್ಣು ಮಂಜು, ನೀನೇ ಓದು."

ಹೂಂ ಅಂದೆ.

ಜೂನ್ 20, ಗುರುವಾರ. ಸಂಜೆ 4

ಬರೆಯಲು ಕೈ ಬರುತ್ತಿಲ್ಲ. ಬರೆಯಲೇಬೇಕು.

ಯಂತ್ರ ತಂದೆ. ನೀಲಿ ಆ್ಯಪಿನಲ್ಲಿ ಯಾವುದೋ ಪುಟ ತೆರೆದು ಮುಖದೆದುರು ಹಿಡಿದೆ. ಹಿಡಿದು — ನಟಿಸಿದೆ. ಹಸಿರು ಪುಸ್ತಕ ನನಗೆ ಕಂಠಪಾಠ. ತರಗತಿಯಲ್ಲಿ ಪುಸ್ತಕ ಮುಟ್ಟದೆ ಪುಟಕ್ಕೆ ಪುಟ ಗುಡುಗುವುದೇ ನನ್ನ ಹೆಗ್ಗಳಿಕೆ. ಹಾಗೇ ಗುಡುಗಿದೆ. ಮಧ್ಯೆ ಬೆರಳಿನಿಂದ ಪುಟ ಸರಿಸುವ ಅಭಿನಯ ಬೇರೆ! ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮುಖದಲ್ಲಿ ಎಂಥ ನೆಮ್ಮದಿ.

ಕೊಡೀನ್ ಮದ್ದಿನ ಪುಟ ಬಂತು. "ನೋವಿಗೂ ಸೈ, ಒಣಕೆಮ್ಮಿಗೂ ಸೈ! ದೊಡ್ಡವರಿಗೆ ಇಷ್ಟು, ಮಕ್ಕಳಿಗೆ ತೂಕ ನೋಡಿ..."

ಕಣ್ಣು ತೆರೆದಳು.

"ಇನ್ನೊಂದ್ಸಲ ಓದು."

ಓದಿದೆ.

"ಅದರಲ್ಲಿ ಹಾಗೆ ಬರೆದಿಲ್ಲ."

"ಇದೆಯಲ್ಲಕ್ಕಾ, ಇಲ್ಲೇ..."

"ಮಕ್ಕಳ ಸಾಲು ನಾನು ಎಂಟನೇ ಆವೃತ್ತಿಯಲ್ಲೇ ತೆಗೆದೆ. ಹನ್ನೆರಡು ವರ್ಷದೊಳಗಿನವರಿಗೆ ಕೂಡದು ಅಂತ ಬರೆದೆ. ಕೆಲವು ಮಕ್ಕಳಿಗೆ ಅದು ಉಸಿರನ್ನೇ ನಿಲ್ಲಿಸಿಬಿಡುತ್ತೆ. ನೀನು ಓದ್ತಾ ಇಲ್ಲ. ಒಪ್ಪಿಸ್ತಾ ಇದೀಯ. ಅದೂ ಐದನೇದನ್ನ."

ಯಂತ್ರವನ್ನು ಮಡಿಲಿಗಿಳಿಸಿದೆ.

"ಪುಟ ಅದರಲ್ಲಿಲ್ಲ, ಅಲ್ವಾ?"

"ಇಲ್ಲ."

ಬೈಯುತ್ತಾಳೆಂದುಕೊಂಡೆ. ಅಳುತ್ತಾಳೆಂದುಕೊಂಡೆ. ಎರಡೂ ಇಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದಳು. ಹಿಡಿತ ತಣ್ಣಗಿತ್ತು.

"ಅದು ಹೋಗ್ಲಿ ಬಿಡು. ಈ ಸಾಲನ್ನ ತರಗತಿಯಲ್ಲಿ ಹೇಳಿದೀಯಾ? ನಿಜ ಹೇಳು ತಮ್ಮಾ. ಎಷ್ಟು ಜನಕ್ಕೆ?"

ಜೂನ್ 21

ಎಂಟನೇ ಆವೃತ್ತಿ, ಪುಟ ಇಪ್ಪತ್ತೇಳು. ಅಕ್ಕ ಹೇಳಿದ ಹಾಗೇ ಇದೆ. ದಪ್ಪ ಅಕ್ಷರದಲ್ಲಿ. ಮೂರು ವರ್ಷದಿಂದ ಇದೆ. ಬಾಯಲ್ಲೇ ಇದ್ದದ್ದನ್ನು ತೆರೆದು ನೋಡುವುದೇಕೆ ಎಂದು ನಾನು ನೋಡಿರಲೇ ಇಲ್ಲ.

ಮೂರು ಬ್ಯಾಚು. ನೂರಾ ತೊಂಬತ್ತು ಜನ.

ಮೇಡಂ ಮುಂದೆ ನಿಂತು ಹೇಳಿದೆ. ಅವರು ಬಾಗಿಲು ಹಾಕಿಕೊಂಡರು. ಹಾಜರಿ ಪುಸ್ತಕ ತೆಗೆದು, "ಪಟ್ಟಿ ಕೊಡ್ತೀನಿ. ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ" ಎಂದರು.

ಜೂನ್ 25

ನೂರಾ ಎಂಬತ್ತೆಂಟು ಜನ ಸಿಕ್ಕರು. ಯಾರ ಕೈಯಿಂದಲೂ ಏನೂ ಆಗಿಲ್ಲ. ಇಬ್ಬರು ಇನ್ನೂ ಸಿಕ್ಕಿಲ್ಲ.

ಗುಬ್ಬಿ ಎದುರಿಗೇ ನಿಂತು ಹೇಳಿದಳು: "ಸಾರ್, ಬೇಜಾರು ಮಾಡ್ಕೋಬೇಡಿ. ನೀವು ಹೇಳಿದ್ದು ಪುಸ್ತಕದಲ್ಲಿ ಬೇರೆ ಇತ್ತು. ನಾವು ಪುಸ್ತಕದ್ದೇ ಹಿಡಿದ್ವಿ."

"ನನಗ್ಯಾಕಮ್ಮ ಹೇಳಲಿಲ್ಲ?"

"ನೀವು ಹೇಳ್ತಿರೋವಾಗ ಮಧ್ಯೆ ಬಾಯಿ ಹಾಕೋಕೆ... ಜಾಗ ಎಲ್ಲಿರುತ್ತೆ ಸಾರ್?"

ಜೂನ್ 28

ಇಬ್ಬರೂ ಸಿಕ್ಕರು. ಇಬ್ಬರೂ ದೊಡ್ಡವರ ವಾರ್ಡಿನಲ್ಲೇ ಇದ್ದಾರೆ. ಬಂದು ಅಕ್ಕನಿಗೆ ಹೇಳಿದೆ. "ಸದ್ಯ" ಎಂದಳು. ಆ ಒಂದು ಮಾತಿಗೆ ಎರಡು ಸಲ ಉಸಿರೆಳೆದುಕೊಂಡಳು.

ಜುಲೈ 4, ಗುರುವಾರ. ಮಧ್ಯಾಹ್ನ

ಅಕ್ಕ ಆಸ್ಪತ್ರೆಯಲ್ಲಿ. ತಾನೇ ಆಳಿದ ಹೆಂಗಸರ ವಾರ್ಡು, ಕಿಟಕಿ ಪಕ್ಕದ ಮಂಚ. ಮೂಗಿಗೆ ಆಕ್ಸಿಜನ್ ನಳಿಗೆ. ಚಾದರದ ಮೂಲೆ ಸರಿಯಾಗಿ ಮಡಿಸಿಲ್ಲವೆಂದು ಬೆಳಿಗ್ಗೆ ಯಾರಿಗೋ ಬೈದಳಂತೆ.

ಗುಬ್ಬಿಗೆ ಇಲ್ಲೇ ಡ್ಯೂಟಿ. ಜೇಬಲ್ಲಿ ಹೊಸ ಯಂತ್ರ. ಅಕ್ಕ ಬೆರಳಲ್ಲಿ ಕರೆದು, "ಕೊಡೀನ್ ತೆಗಿ. ಮಕ್ಕಳದ್ದು ಏನಿದೆ ಓದು" ಎಂದಳು. ಗುಬ್ಬಿ ಓದಿದಳು, ಪರದೆಯಿಂದ ಕಣ್ಣು ಕೀಳದೆ, ಆ ಸಣ್ಣ ದನಿಯಲ್ಲಿ. ಎರಡೇ ಸಾಲು.

"ಚೆನ್ನಾಗಿ ಬರೆದಿದಾರೆ. ನಾನು ನಾಲ್ಕು ಸಾಲು ಮಾಡಿದ್ದೆ."

ಗುಬ್ಬಿ ಹೋದ ಮೇಲೆ ನನ್ನ ಕಡೆ ತಿರುಗಿದಳು. "ಹಸಿರು ಪುಸ್ತಕ ಎಲ್ಲರ ಹತ್ರಾನೂ ವಾಪಸ್ ತಗೋ."

"ಅಕ್ಕಾ..."

"ಎರಡೂ ಇಟ್ಕೊಂಡ್ರೆ ಕೈಗೆ ಬೇಗ ಸಿಕ್ಕಿದ್ದನ್ನ ನೋಡ್ತಾರೆ. ಈ ವರ್ಷ ಎರಡೂ ಒಂದೇ ಹೇಳುತ್ತೆ. ಮುಂದಿನ ವರ್ಷ?" ಉಸಿರೆಳೆದುಕೊಂಡಳು. "ಒಂದೂ ಬಿಡಬೇಡ. ನಿನ್ನದನ್ನೂ."

ಇಡೀ ವಾರ್ಡಿಗೆ ಕೇಳುವಂತೆ ಹೂಂ ಎನ್ನಬೇಕಿತ್ತು. ತಲೆಯಷ್ಟೇ ಆಡಿಸಿದೆ.

ಜುಲೈ 5

ಇವತ್ತು ಮಾತಿಲ್ಲ. ಕೈ ಹಿಡಿದು ಕೂತಿದ್ದೆ.

ಜುಲೈ 17

ಮನೆಯಲ್ಲಿ ಮೂರು ದಿಂಬು ಹಾಗೇ ಇವೆ. ಒಂದರ ಮೇಲೊಂದು.

ಜುಲೈ 22, ಸೋಮವಾರ. ಬೆಳಿಗ್ಗೆ 10

ತರಗತಿಯಲ್ಲಿ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟೆ. ಸಾಲಾಗಿ ಬಂದರು, ಒಬ್ಬೊಬ್ಬರೂ ಪುಸ್ತಕ ಹಾಕಿ ಹೋದರು. ಹಾಳೆಗಳಿಗೆ ಸ್ಪಿರಿಟ್ ವಾಸನೆ, ಅಂಚು ಮಾಸಿ ಕಪ್ಪಾಗಿತ್ತು. ಒಬ್ಬಳು ಹಾಕುವ ಮೊದಲು ಏಪ್ರನ್ನಿಂದ ಒರೆಸಿದಳು. ಅರವತ್ತನಾಲ್ಕು. ಕೊನೆಗೆ ನನ್ನದು, ಐದನೇದು, ಬೆನ್ನು ಹರಿದದ್ದು.

ಪಾಠ ಮಾಡಿದೆ. ಪರದೆ ನೋಡಿಕೊಂಡು, ನಿಧಾನಕ್ಕೆ. ಹಿಂದಿನ ಬೆಂಚಿನವರು "ಸಾರ್, ಕೇಳಿಸ್ತಿಲ್ಲ" ಎಂದರು. ನನಗೆ! ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಮಧ್ಯಾಹ್ನ 3

ಮೇಡಂ ಒಂದು ಫಾರಂ ಕಳಿಸಿದ್ದಾರೆ. ಪುಸ್ತಕ ಹಿಂತೆಗೆದರೆ ತುಂಬಬೇಕಂತೆ. ಹೆಸರು ಬರೆದೆ. ಆವೃತ್ತಿ, ಎಂಟು. ಪ್ರತಿಗಳು, ಅರವತ್ತನಾಲ್ಕು; ಐದನೇದು, ಒಂದು.

ಹಿಂತೆಗೆಯಲು ಕಾರಣ — ಎರಡು ಗೆರೆ ಖಾಲಿ ಬಿಟ್ಟಿದ್ದಾರೆ. 'ತಪ್ಪಿದೆ' ಎಂದು ಬರೆಯಲಾರೆ. ಪುಸ್ತಕದಲ್ಲಿ ತಪ್ಪಿರಲಿಲ್ಲ. 'ಹಳತಾಗಿದೆ' ಎಂದೂ ಬರೆಯಲಾರೆ. ಇನ್ನೂ ಆಗಿಲ್ಲ. ಇಲ್ಲಿ ಒಮ್ಮೆ ಬರೆದು ನೋಡಿ, ಆಮೇಲೆ ಅಲ್ಲಿ ಬರೆಯುತ್ತೇನೆ:

ಇದನ್ನು ತಿದ್ದುತ್ತಿದ್ದವರು ಈಗ...