ಅಮ್ಮನ ಹನ್ನೆರಡು ನಿಮಿಷ

ಮನೆಯಿಂದ,
ಮಾರ್ಚ್ 9, ಭಾನುವಾರ

ಮುದ್ದು ಮಗಳೇ,

ಹೇಗಿದ್ದೀಯಾ? ಕೆಮ್ಮು ವಾಸಿಯಾಯಿತೇ? ಬಿಸಿನೀರು ಕುಡಿಯುತ್ತಿರು. ನಾನು ಆರಾಮ. ನಿನ್ನಮ್ಮ ಹೋಗಿ ಏಳು ವಾರವಾಯಿತು, ನನಗೆ ಅಳು ಮಾತ್ರ ಇನ್ನೂ ಬಂದಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುತ್ತೇನೆ, ಗಡಿಯಾರ ಬಿಚ್ಚುತ್ತೇನೆ, ಜೋಡಿಸುತ್ತೇನೆ, ಬಾಗಿಲು ಹಾಕುತ್ತೇನೆ. ಯಾರು ಏನು ಕೇಳಿದರೂ ಹೂಂ ಅನ್ನುತ್ತೇನೆ.

ಹೊರಡುವಾಗ ನೀನು ಚಪ್ಪಲಿ ಮೆಟ್ಟುತ್ತಾ ಹೇಳಿದ್ದು ಕಿವಿಯಲ್ಲೇ ಇದೆ: “ನಾನು ಕಳಿಸಿದ್ದನ್ನ ಅಮ್ಮ ಕೊನೇವರೆಗೂ ಮುಟ್ಟಲಿಲ್ಲ. ಯಾರಿಗಾದ್ರೂ ಕೊಟ್ಬಿಡಪ್ಪ.” ನೀವಿಬ್ಬರೂ ಮಾತು ಬಿಟ್ಟ ಆ ಎರಡು ವರ್ಷವೂ ನೀನು ಕಳಿಸಿದ ಏರ್ ಫ್ರೈಯರಿನ ಡಬ್ಬಿ ಕಪಾಟಿನ ಮೇಲೇ ಕೂತಿತ್ತು. ಬಿಚ್ಚೇ ಇಲ್ಲ ಎಂದಳು ಅಮ್ಮ, ನಂಬಿದೆ. ಇವತ್ತು ಎದುರುಮನೆಯವರಿಗೆ ಕೊಡೋಣವೆಂದು ಇಳಿಸಿ, ಟೈಮರ್ ಒಮ್ಮೆ ಓಡಿಸಿ ನೋಡಿದೆ. ಕೈ ಸುಮ್ಮನಿರುವುದಿಲ್ಲವಲ್ಲ! ಹತ್ತು ನಿಮಿಷ ಕಳೆದರೂ ಅದು ಎಂಟೇ ನಿಮಿಷ ಸರಿದಿತ್ತು. ಬಿಚ್ಚಿ ಸರಿಮಾಡಿದೆ.

ಡಬ್ಬಿಯಲ್ಲಿ, ಸೇಬಿನ ಸಿಹಿ ಮಾಡುವುದು ಹೇಗೆಂದು ನೀನು ಬರೆದಿಟ್ಟ ಚೀಟಿ ಸಿಕ್ಕಿತು. ಒಂದು ಸೇಬು, ಒಂದು ಚಮಚ ಬೆಣ್ಣೆ, ಓಟ್ಸ್, ಸಕ್ಕರೆ, ಎರಡು ಪುಟ್ಟ ಬಟ್ಟಲು, ಹದಿನೈದು ನಿಮಿಷ. ಆ ಹದಿನೈದನ್ನು ಹೊಡೆದುಹಾಕಿ ಹದಿನಾಲ್ಕು, ಅದನ್ನೂ ಹೊಡೆದು ಹನ್ನೆರಡು ಎಂದಿತ್ತು. ಅಮ್ಮನ ಅಕ್ಷರ. ಅವಳು ಹೇಳಿದಂತೆಯೇ ಹನ್ನೆರಡಕ್ಕೆ ಇಟ್ಟೆ. ಸೇಬು ಬೇಯದೆ ಕರಕರ ಎಂದಿತು. ಆಗ ಹೊಳೆಯಿತು, ಅವಳ ಹನ್ನೆರಡು ಆ ನಿಧಾನದ ಟೈಮರಿನದು. ಸುಟ್ಟು ಸುಟ್ಟು ಕಲಿತ ಲೆಕ್ಕ, ನಾನು ರಿಪೇರಿ ಮಾಡಿ ಕೆಡಿಸಿದ್ದೆ.

ಎಷ್ಟೋ ಸಂಜೆ ನಾನು ಅಂಗಡಿಯಿಂದ ಬಂದರೆ ಇಂಥದೇ ಸಿಹಿಯ ಒಂದು ಬಟ್ಟಲು ಮುಂದಿಡುತ್ತಿದ್ದಳು. “ಬೇಕರೀದು, ಸುಮ್ನೆ ತಿನ್ನಿ.” ಮೊದಮೊದಲು ಸೀದಿರುತ್ತಿತ್ತು. ಇಂಥ ದರಿದ್ರ ಬೇಕರಿಗೆ ಯಾಕೆ ಹೋಗ್ತೀಯ ಎಂದು ಬೈದಿದ್ದೆ ಕೂಡ. ಮಹಾರಾಯಿತಿ, ಮರುದಿನ ಮತ್ತೊಂದು ಬಟ್ಟಲು ತಂದಿಟ್ಟಳು. ಇದೆಲ್ಲ ನೆನಪಾದರೂ ಅಳು ಬರಲಿಲ್ಲ. ಅರೆಬೆಂದ ಎರಡೂ ಬಟ್ಟಲು ತಿಂದು, ತೊಳೆದಿಟ್ಟೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸುಖವಾಗಿರು ಕಂದಾ.

ನಿನ್ನ
ಅಪ್ಪ

ಮರೆತಿದ್ದೆ: ಚೀಟಿಯಲ್ಲಿ ಹನ್ನೆರಡರ ಪಕ್ಕ ಅಮ್ಮ ಸಣ್ಣಗೆ ‘ಮಗಳಿಗೆ ಹೇಳಬೇಕು’ ಎಂದೂ ಬರೆದಿದ್ದಾಳೆ. ಎದುರುಮನೆಗೆ ಕೊಡುವುದಿಲ್ಲ. ಟೈಮರನ್ನು ಮತ್ತೆ ಮೊದಲಿನಷ್ಟೇ ನಿಧಾನ ಮಾಡಿಟ್ಟಿದ್ದೇನೆ. ಬಾ, ಹನ್ನೆರಡಕ್ಕೇ ಇಡು.